ಮೂರಕ್ಷರದ ಕನ್ನಡ, ಹದಿನೈದು ಬೈಟಿನ ಕಡತ

‘ಕನ್ನಡ’ ಎಂಬ ಪದದಲ್ಲಿ ಎಷ್ಟು ಅಕ್ಷರ? ಒಂದನೇ ಕ್ಲಾಸಿನ ಮಗು ಬೆರಳು ಮಡಚಿ ಮೂರು ಎನ್ನುತ್ತದೆ: ಕ, ನ್ನ, ಡ. ಅದೇ ಪದವನ್ನು ಪೈಥಾನ್ 3ರಲ್ಲಿ ಒಂದು ಕಡತಕ್ಕೆ ಬರೆಸಿ ನೋಡಿ. ‘ರೈಟ್’ ಆಜ್ಞೆ ಕೆಲಸ ಮುಗಿಸಿ ಒಪ್ಪಿಸುವ ಲೆಕ್ಕ 5. ನಕಾರ ಎರಡು ಸಲ, ನಡುವೆ ಒಂದು ಹಲಂತ. ಒತ್ತಕ್ಷರವನ್ನು ಅದು ಬಿಡಿಸಿಯೇ ಎಣಿಸುತ್ತದೆ. ಡಿಸ್ಕಿನಲ್ಲಿ ಆ ಕಡತದ ಗಾತ್ರ ಕೇಳಿದರೆ 15 ಬೈಟು. ಮೂರು ಲೆಕ್ಕವೂ ಸರಿಯೇ. ಆದರೆ ಈ ಮೂರೂ ಜಗಳವಾಡದೆ ಒಂದೇ ಸಾಲಿನ ಸ್ಕ್ರಿಪ್ಟಿನಲ್ಲಿ ಕೂಡಿ ಬಾಳಲು ಸುಮಾರು ಮೂವತ್ತು ವರ್ಷ ಹಿಡಿಯಿತು. ವರ್ಷದ ಕೊನೆಯ ಈ ಸಂಚಿಕೆಯಲ್ಲಿ ಹಿಂದಿರುಗಿ ನೋಡುವುದಾದರೆ ಆ ಮೂವತ್ತು ವರ್ಷಗಳನ್ನೇ ನೋಡೋಣ ಅನ್ನಿಸಿತು.

ಕಡತ ತೆರೆ, ಸಾಲು ಬರೆ, ಮುಚ್ಚು. ಯಾವ ಸ್ಕ್ರಿಪ್ಟಿಂಗ್ ಭಾಷೆಯ ಪಾಠ ತೆಗೆದರೂ ಮೊದಲ ವಾರದಲ್ಲೇ ಇದು ಬರುತ್ತದೆ. ಮೇಷ್ಟರು ಹಲಗೆಯ ಮೇಲೆ ಬರೆದು ಮುಂದೆ ಹೋಗಿಬಿಡುತ್ತಾರೆ. ಇಂಗ್ಲಿಷಿನಲ್ಲಿ ‘ಹಲೋ’ ಬರೆಯುವವನಿಗೆ ಅಷ್ಟೇ ಸಾಕು. ಕನ್ನಡದಲ್ಲಿ ‘ನಮಸ್ಕಾರ’ ಬರೆಯಲು ಹೊರಟವನು ಮಾತ್ರ ಎಡವಿದ ಕಾಲು ಹಿಡಿದುಕೊಂಡು ಕೂತ.

ಕಡತ ಎಂಬ ಪದದ ಬಗ್ಗೆ ಒಂದು ಮಾತು. ಕಚೇರಿಯ ಫೈಲಿಗೆ ಅದನ್ನು ಅಂಟಿಸಿದ್ದು ಈಚೆಗೆ. ಬಟ್ಟೆಗೆ ಹುಣಿಸೆ ಬೀಜದ ಅಂಟನ್ನೂ ಇದ್ದಿಲ ಪುಡಿಯನ್ನೂ ಬಳಿದು, ಒಣಗಿಸಿ, ಮಡಿಕೆ ಮಡಿಕೆಯಾಗಿ ಮಡಚಿದ ಕರಿಯ ಪುಸ್ತಕವೇ ಹಳೆಯ ಕಡತ. ಬರೆಯುವುದು ಬಳಪದಲ್ಲಿ. ಶೃಂಗೇರಿ ಮಠದಲ್ಲಿ ಇಂಥ ಕಡತಗಳ ದೊಡ್ಡ ಸಂಗ್ರಹವೇ ಇದೆ. ಬೇಡವಾದದ್ದನ್ನು ಒರೆಸಿ ಅದೇ ಜಾಗದಲ್ಲಿ ಮತ್ತೆ ಬರೆಯಬಹುದಿತ್ತು. ಆದರೆ ಒರೆಸುವವನ ಕೈಗೆ ಮಸಿ ಹತ್ತುತ್ತಿತ್ತು, ತಾನು ಏನು ಅಳಿಸುತ್ತಿದ್ದೇನೆ ಎಂದು ಅವನಿಗೆ ಕಾಣುತ್ತಿತ್ತು.

ಕಂಪ್ಯೂಟರಿನ ಕಡತದಲ್ಲಿ ಆ ಭಾಗ್ಯವಿಲ್ಲ. 1971ರಲ್ಲಿ ಬೆಲ್ ಲ್ಯಾಬ್ಸ್‌ನ ಕೆನ್ ಥಾಂಪ್ಸನ್ ಯೂನಿಕ್ಸಿಗೆ ಬರೆದ ಶೆಲ್ಲಿನಲ್ಲಿ ಬಲಕ್ಕೆ ಬಾಗಿದ ಒಂದು ಬಾಣದ ಗುರುತಿತ್ತು. ಆಜ್ಞೆಯ ಮುಂದೆ ಆ ಬಾಣ ಹಾಕಿ ಕಡತದ ಹೆಸರು ಬರೆದರೆ, ಪರದೆಗೆ ಬರಬೇಕಾದ ಪಠ್ಯ ಕಡತಕ್ಕೆ ಹೋಗುತ್ತದೆ. ಪಠ್ಯವನ್ನು ಕಡತಕ್ಕೆ ಬರೆಯಲು ಇದಕ್ಕಿಂತ ಚಿಕ್ಕ ದಾರಿ ಇಂದಿಗೂ ಹುಟ್ಟಿಲ್ಲ. ಇದಕ್ಕಿಂತ ಬೇಗ ಕಡತ ಕಳೆದುಕೊಳ್ಳುವ ದಾರಿಯೂ ಹುಟ್ಟಿಲ್ಲ. ಏಕೆಂದರೆ ಶೆಲ್ ಮೊದಲು ಕಡತವನ್ನು ಖಾಲಿ ಮಾಡುತ್ತದೆ, ಆಮೇಲೆ ಆಜ್ಞೆಯನ್ನು ಓಡಿಸುತ್ತದೆ. ಹೆಸರುಗಳ ಪಟ್ಟಿಯನ್ನು ‘ಸಾರ್ಟ್’ ಮಾಡಿ ಅದೇ ಕಡತಕ್ಕೆ ಬಾಣ ತಿರುಗಿಸಿದವರಿಗೆ ಇದು ಗೊತ್ತು: ಸಾರ್ಟ್ ಓದಲು ಬರುವಷ್ಟರಲ್ಲಿ ಓದಲು ಏನೂ ಉಳಿದಿರುವುದಿಲ್ಲ. ತಪ್ಪಾಯಿತು ಎಂಬ ಒಂದು ಪದವೂ ಪರದೆಯ ಮೇಲೆ ಬರುವುದಿಲ್ಲ. ಸಿ ಭಾಷೆಯ ಕಡತ ತೆರೆಯುವ ಆಜ್ಞೆಯಲ್ಲಿ ‘ಡಬ್ಲ್ಯು’ ಎಂದರೂ ಇದೇ ಕಥೆ. ಪೈಥಾನ್ ಆ ‘ಡಬ್ಲ್ಯು’ವನ್ನು ಸಿ ಭಾಷೆಯಿಂದ ಹಾಗೇ ಎತ್ತಿಕೊಂಡಿತು. ‘ಕಡತ ಮೊದಲೇ ಇದ್ದರೆ ಮುಟ್ಟಬೇಡ’ ಎನ್ನುವ ‘ಎಕ್ಸ್’ ಎಂಬ ವಿಧಾನ ಅದಕ್ಕೆ ಸೇರಿದ್ದು 2012ರಲ್ಲಿ, 3.3ನೇ ಆವೃತ್ತಿಯಲ್ಲಿ. ಹುಟ್ಟಿ ಇಪ್ಪತ್ತೊಂದು ವರ್ಷ ತುಂಬಿದ ಮೇಲೆ ಬಂದ ಬುದ್ಧಿ. ಅದನ್ನು ಬಳಸುವವರನ್ನು ನಾನು ಈವರೆಗೆ ಕಂಡದ್ದು ಕೈಬೆರಳೆಣಿಕೆಯಷ್ಟು.

ಇದು ಎಲ್ಲ ಭಾಷೆಯವರ ಪಾಡು. ನಮ್ಮದೇ ಆದ ಪಾಡು ಬೇರೆ ಇದೆ.

ತೊಂಬತ್ತರ ದಶಕದಲ್ಲಿ ಕನ್ನಡ ಕಂಪ್ಯೂಟರುಗಳಲ್ಲಿ ಹರಡಿದ್ದು ಫಾಂಟಿನ ಬೆನ್ನೇರಿ. 1998ರಲ್ಲಿ ‘ಬರಹ’ ಬಂತು, ಆಮೇಲೆ ಕನ್ನಡ ಗಣಕ ಪರಿಷತ್ತಿನ ‘ನುಡಿ’. ಪತ್ರಿಕಾಲಯಗಳಲ್ಲಿ ಶ್ರೀಲಿಪಿ, ಆಕೃತಿ. ಇವು ಇಲ್ಲದಿದ್ದರೆ ಎಷ್ಟೋ ಪುಸ್ತಕಗಳು ಅಚ್ಚಾಗುತ್ತಿರಲಿಲ್ಲ. ನಮ್ಮ ಪತ್ರಿಕೆಯ ಮೊದಲ ಹತ್ತು ಸಂಪುಟಗಳೂ ಅಷ್ಟೇ. ಆ ಋಣ ದೊಡ್ಡದು. ಆದರೆ ಕಡತದೊಳಗೆ ಇದ್ದದ್ದು ಏನು? ನುಡಿಯಲ್ಲಿ ‘ಕನ್ನಡ’ ಎಂದು ಟೈಪು ಮಾಡಿ, ಆ ಕಡತವನ್ನು ಫಾಂಟ್ ಇಲ್ಲದ ಯಂತ್ರದಲ್ಲಿ ತೆರೆದರೆ ಕಾಣುವುದು ಇಂಗ್ಲಿಷಿನ ದೊಡ್ಡ ‘ಪಿ’, ತಲೆಯ ಮೇಲೆ ಓರೆ ಗೀಟಿರುವ ದೊಡ್ಡ ‘ಎ’, ಬ್ರಿಟಿಷ್ ಪೌಂಡಿನ ಗುರುತು, ಮತ್ತೆ ಅದೇ ಗೀಟಿನ ‘ಎ’, ಜರ್ಮನರ ಜೋಡಿ ‘ಎಸ್’, ಹೀಗೆ 7 ಬೈಟು. ಗೀಟಿನ ‘ಎ’ ಎಂದರೆ ತಲೆಕಟ್ಟು. ಪೌಂಡಿನ ಗುರುತು ನಕಾರದ ಹೊಟ್ಟೆ. ಜರ್ಮನ್ ಅಕ್ಷರ ನ ಒತ್ತು. ಅಕ್ಷರವನ್ನಲ್ಲ, ಅಕ್ಷರದ ಚಿತ್ರದ ತುಂಡುಗಳನ್ನು ಸಾಲಾಗಿ ಜೋಡಿಸಿಟ್ಟಿದ್ದರು. ಮೊಳೆ ಜೋಡಿಸುವ ಕಂಪೋಸಿಟರ್ ಕೈಚಳಕವೇ ಇಲ್ಲಿ ಬೈಟಿನ ವೇಷ ತೊಟ್ಟಿತ್ತು.

ಆ ಕಾಲದಲ್ಲಿ ಸ್ಕ್ರಿಪ್ಟ್ ಬರೆಯುತ್ತಿದ್ದವರಿಗೆ ಒಂದು ವಿಚಿತ್ರ ಸುಖವಿತ್ತು. ಪರ್ಲ್ ಇರಲಿ, ಪಿಎಚ್‌ಪಿ ಇರಲಿ, ಪೈಥಾನ್ 2 ಇರಲಿ, ಕನ್ನಡದ ಸಾಲನ್ನು ಕಡತಕ್ಕೆ ಬರೆ ಎಂದರೆ ತಕರಾರಿಲ್ಲದೆ ಬರೆಯುತ್ತಿದ್ದವು. ಒಂದು ದಿನವೂ ಎರರ್ ಬರಲಿಲ್ಲ. ಬರಲು ಕಾರಣವೂ ಇರಲಿಲ್ಲ, ಅವುಗಳ ಕಣ್ಣಿಗೆ ಅದು ಕನ್ನಡವಾಗಿರಲೇ ಇಲ್ಲ. ಸಂಕಟ ಶುರುವಾಗುತ್ತಿದ್ದದ್ದು ಬರೆದದ್ದನ್ನು ಬಳಸಲು ಹೋದಾಗ. ಅಕಾರಾದಿಯಾಗಿ ಜೋಡಿಸು ಎಂದರೆ ‘ಪಿ’ಯಿಂದ ಶುರುವಾಗುವ ಕಕಾರ ಒಂದು ಮೂಲೆಗೆ, ಪೌಂಡಿನ ನಕಾರ ಇನ್ನೊಂದು ಮೂಲೆಗೆ. ಒಂದು ಪದಕೋಶದ ಕರಡನ್ನು ಹೀಗೆ ಸ್ಕ್ರಿಪ್ಟಿನಿಂದ ಜೋಡಿಸಿ ತಂದ ಹುಡುಗನ ಮುಖ ನನಗೆ ಇಂದಿಗೂ ನೆನಪಿದೆ. ಸ್ಕ್ರಿಪ್ಟಿನಲ್ಲಿ ದೋಷವಿರಲಿಲ್ಲ ಪಾಪ. ಇಂಗ್ಲಿಷ್ ಪ್ರಕಾರ ಅದು ಸರಿಯಾಗಿಯೇ ಜೋಡಿಸಿತ್ತು.

ದಾರಿ ಇರಲಿಲ್ಲ ಎನ್ನುವ ಹಾಗಿಲ್ಲ. ಭಾರತೀಯ ಭಾಷೆಗಳಿಗೆಂದೇ ಇಸ್ಕಿ ಎಂಬ ಸಂಕೇತ ವ್ಯವಸ್ಥೆ 1991ರಲ್ಲಿ ಭಾರತೀಯ ಮಾನಕವಾಯಿತು. ಅದರಲ್ಲಿ ‘ಕನ್ನಡ’ಕ್ಕೆ ಬೇಕಾದದ್ದು ಕೇವಲ 5 ಬೈಟು, ಅಕಾರಾದಿಯೂ ಸರಿಯಾಗಿ ಬರುತ್ತಿತ್ತು. ಯೂನಿಕೋಡಿನ ಮೊದಲ ಆವೃತ್ತಿಯಲ್ಲೂ ಅದೇ 1991ರಲ್ಲಿ ಕನ್ನಡಕ್ಕೆ ಮನೆ ಸಿಕ್ಕಿತ್ತು, ಇಸ್ಕಿಯ ವಿನ್ಯಾಸವನ್ನೇ ಅನುಸರಿಸಿ. ಅಚ್ಚಿನ ಮನೆಗೆ ಬೇಕಾಗಿದ್ದು ಮಾತ್ರ ಪೇಜ್‌ಮೇಕರಿನಲ್ಲಿ ಚೆಂದ ಕಾಣುವ ಅಕ್ಷರ. ಪೇಜ್‌ಮೇಕರಿಗೆ ಯೂನಿಕೋಡ್ ಕೊನೆಯವರೆಗೂ ಬರಲಿಲ್ಲ. ಹಾಳೆಯ ಮೇಲೆ ಕಾಣುವುದಕ್ಕಾಗಿ ಕಡತದೊಳಗಿನದನ್ನು ಬಿಟ್ಟುಕೊಟ್ಟೆವು. ಆಗ ನಾವೂ ಬಿಟ್ಟುಕೊಟ್ಟವರೇ.

ಯುಟಿಎಫ್-8 ಹುಟ್ಟಿದ್ದು 1992ರ ಸೆಪ್ಟೆಂಬರಿನಲ್ಲಿ, ನ್ಯೂಜೆರ್ಸಿಯ ಒಂದು ಹೋಟೆಲಿನ ಊಟದ ಮೇಜಿನ ಮೇಲೆ, ತಟ್ಟೆಯ ಕೆಳಗೆ ಹಾಸುವ ಕಾಗದದಲ್ಲಿ. ಬರೆದವರು ರಾಬ್ ಪೈಕ್ ಜೊತೆಗಿದ್ದ ಕೆನ್ ಥಾಂಪ್ಸನ್. ಇಪ್ಪತ್ತೊಂದು ವರ್ಷ ಹಿಂದೆ ಆ ಬಾಣದ ಗುರುತನ್ನು ಕೊಟ್ಟ ಅದೇ ಥಾಂಪ್ಸನ್. ಇಂಗ್ಲಿಷಿನ ಅಕ್ಷರಕ್ಕೆ ಒಂದು ಬೈಟು, ನಮ್ಮ ಅಕ್ಷರಕ್ಕೆ ಮೂರು. ದುಬಾರಿ ಎಂದು ಆಗ ಗೊಣಗಿದವರುಂಟು. ಡಿಸ್ಕ್ ಅಗ್ಗವಾಯಿತು, ಗೊಣಗು ನಿಂತಿತು.

ಪೈಥಾನಿಗೆ ಯೂನಿಕೋಡ್ ಬಂದದ್ದು 2000ನೇ ಇಸವಿಯ ಅಕ್ಟೋಬರಿನಲ್ಲಿ, 2.0 ಆವೃತ್ತಿಯೊಡನೆ. ನಮ್ಮ ನಿಜವಾದ ಕಷ್ಟ ಶುರುವಾದದ್ದೂ ಅಲ್ಲಿಂದಲೇ. ಯೂನಿಕೋಡಿನ ‘ಕನ್ನಡ’ವನ್ನು ಕಡತಕ್ಕೆ ಬರೆ ಎಂದರೆ, ‘ಆಸ್ಕಿ ಸಂಕೇತಕ್ಕೆ 0ರಿಂದ 4ನೇ ಸ್ಥಾನದವರೆಗಿನ ಅಕ್ಷರಗಳನ್ನು ತಿರುಗಿಸಲಾರೆ, ಇವು 128ರ ಮಿತಿಯಾಚೆ ಇವೆ’ ಎಂಬ ಅರ್ಥದ ಒಂದು ಸಾಲು ಬಂದು ಸ್ಕ್ರಿಪ್ಟ್ ನಿಂತುಬಿಡುತ್ತಿತ್ತು. 0ರಿಂದ 4, ಅಂದರೆ ಇಡೀ ಪದ. ಕನ್ನಡದಲ್ಲಿ ಸ್ಕ್ರಿಪ್ಟ್ ಬರೆದ ಒಂದು ಇಡೀ ತಲೆಮಾರು ಈ ಎರರನ್ನು ಕಂಠಪಾಠ ಮಾಡಿದೆ. ಫಾಂಟಿನ ಕಾಲದಲ್ಲಿ ತೆಪ್ಪಗಿದ್ದ ಯಂತ್ರ, ನಿಜವಾದ ಕನ್ನಡ ಕಂಡೊಡನೆ ಕಾಲು ಚಾಚಿ ಅಡ್ಡ ಮಲಗಿತು.

ಪರ್ಲ್ ಇದೇ ಪರಿಸ್ಥಿತಿಯಲ್ಲಿ ‘ಅಗಲದ ಅಕ್ಷರ ಬಂದಿದೆ’ ಎಂದು ಎಚ್ಚರಿಸಿ, ಹಾಗೆ ಎಚ್ಚರಿಸುತ್ತಲೇ ಕಡತಕ್ಕೆ ಬರೆದೂ ಬಿಡುತ್ತಿತ್ತು, ಗೊಣಗುತ್ತಲೇ ಮನೆಗೆಲಸ ಮುಗಿಸುವ ಅಜ್ಜಿಯ ಹಾಗೆ. ಪಿಎಚ್‌ಪಿ ಬೈಟುಗಳನ್ನಷ್ಟೇ ನಂಬಿತು. ಯೂನಿಕೋಡನ್ನು ಒಳಗೆ ತರಬೇಕಿದ್ದ ಅದರ 6ನೇ ಆವೃತ್ತಿ 2010ರಲ್ಲಿ ಹುಟ್ಟುವ ಮೊದಲೇ ತೀರಿಕೊಂಡಿತು.

ಎರರಿಗಿಂತ ಹೆಚ್ಚು ಹಾಳು ಮಾಡಿದ್ದು ಎರರಿಗೆ ಹಚ್ಚಿದ ಮದ್ದು. ಯಾರೋ ಎಲ್ಲೋ ಕೊಟ್ಟ ಸಲಹೆ ಬಾಯಿಂದ ಬಾಯಿಗೆ ಹರಡಿತು: ಬರೆಯುವ ಮುನ್ನ ‘ಇಗ್ನೋರ್’ ಎಂದು ಸೇರಿಸಿ, ಎರರ್ ಹೋಗುತ್ತದೆ. ಹೌದು, ಹೋಗುತ್ತದೆ. ಜೊತೆಗೆ ಕನ್ನಡವೂ ಹೋಗುತ್ತದೆ. ಆಸ್ಕಿಗೆ ಹಿಡಿಯದ ಅಕ್ಷರಗಳನ್ನೆಲ್ಲ ಬಿಟ್ಟುಬಿಡು ಎಂದು ಅದರ ಅರ್ಥ. ಕನ್ನಡದಲ್ಲಿ ಆಸ್ಕಿಗೆ ಹಿಡಿಯುವ ಅಕ್ಷರ ಒಂದಾದರೂ ಇದೆಯೇ? ಕಡತ ತೆರೆದರೆ ಖಾಲಿ ಜಾಗ, ಅಲ್ಲಲ್ಲಿ ಪೂರ್ಣವಿರಾಮ, ಇಸವಿಗಳು. ‘ರಿಪ್ಲೇಸ್’ ಎಂದು ಹಾಕಿದವರಿಗೆ ಸಾಲುಸಾಲು ಪ್ರಶ್ನಾರ್ಥಕ ಚಿಹ್ನೆ. ಹಾಗೆ ಬರೆದ ಒಂದು ಕಥಾಸ್ಪರ್ಧೆಯ ನೋಂದಣಿ ಪಟ್ಟಿ ನನ್ನ ಕೈಗೆ ಬಂದಿತ್ತು. ಮೊಬೈಲ್ ಸಂಖ್ಯೆಗಳಿದ್ದವು; ಅವುಗಳ ಎದುರು, ಹೆಸರಿನ ಜಾಗದಲ್ಲಿ, ಏಳೆಂಟು ಪ್ರಶ್ನೆಗಳು.

ಗಮನಿಸಿ, ಫಾಂಟಿನ ಕಡತವನ್ನು ಪರಿವರ್ತಕ ಹಾಕಿ ಇಂದಿಗೂ ಕನ್ನಡಕ್ಕೆ ತರಬಹುದು. ಪ್ರಶ್ನಾರ್ಥಕ ಚಿಹ್ನೆಯಿಂದ ಹೆಸರನ್ನು ಮರಳಿ ತರುವ ಯಂತ್ರ ಯಾವುದೂ ಇಲ್ಲ.

2008ರ ಡಿಸೆಂಬರ್ 3ರಂದು ಪೈಥಾನ್ 3.0 ಬಂದಾಗ ಜಗತ್ತೇ ಬೈಯಿತು. ಹಳೆಯ ಸ್ಕ್ರಿಪ್ಟ್ ಯಾವುದೂ ಓಡುವುದಿಲ್ಲ, ‘ಪ್ರಿಂಟ್’ಗೂ ಆವರಣ ಹಾಕಬೇಕು, ಪಠ್ಯ ಬೇರೆ ಬೈಟು ಬೇರೆ ಎಂಬ ಮಡಿ. ಎರಡನೇ ಪೈಥಾನಿಗೆ 2015ಕ್ಕೆ ವಿದಾಯ ಎಂದವರು ಐದು ವರ್ಷ ಮುಂದೂಡಿ 2020ರ ಜನವರಿ 1ಕ್ಕೆ ಬಾಗಿಲು ಹಾಕಿದರು. ಇಂಗ್ಲಿಷಿನವರಿಗೆ ಅದು ಬೇಡದ ಕಿರುಕುಳವಾಗಿ ಕಂಡಿರಬಹುದು. ನಮಗೆ ಆ ಮಡಿಯೇ ಬೇಕಾಗಿತ್ತು. ಪಠ್ಯ ಎಂದರೆ ಪಠ್ಯ, ಕಡತಕ್ಕೆ ಇಳಿಯುವಾಗ ಯಾವ ಸಂಕೇತದಲ್ಲಿ ಇಳಿಯುತ್ತೀ ಎಂದು ಹೇಳಿ ಇಳಿ: ಈ ಒಂದು ಕಟ್ಟುಪಾಡು ಬಂದ ಮೇಲೆ ಕನ್ನಡವೂ ಇಂಗ್ಲಿಷಿನಷ್ಟೇ ಸಲೀಸಾಗಿ ಕಡತಕ್ಕೆ ಇಳಿಯಿತು.

ಒಂದೇ ಒಂದು ಸಂದು ಬಿಟ್ಟಿದ್ದರು. ಸಂಕೇತ ಯಾವುದೆಂದು ಹೇಳದಿದ್ದರೆ? ಯಂತ್ರದ ಪರಿಸರ ಏನನ್ನುತ್ತದೋ ಅದು. ಆ ಸಂದಿನಲ್ಲಿ ನಾನೇ ಕಾಲು ಸಿಕ್ಕಿಸಿಕೊಂಡೆ.

2016ರ ಮಾತು. ನಮ್ಮ ಪತ್ರಿಕೆಯ ಹಳೆಯ ಸಂಚಿಕೆಗಳ ವಿಷಯಸೂಚಿಯನ್ನು, ಲೇಖಕರ ಹೆಸರಿನ ಅಕಾರಾದಿಯಲ್ಲಿ, ಎರಡು ವರ್ಷ ಕೂತು ತಯಾರಿಸಿದ್ದೆವು. ಹೊಸ ಲೇಖನ ಸೇರಿದಾಗಲೆಲ್ಲ ಸೂಚಿಯ ಕಡತವನ್ನು ಹೊಸದಾಗಿ ಬರೆಯುವ ಒಂದು ಪುಟ್ಟ ಪೈಥಾನ್ ಸ್ಕ್ರಿಪ್ಟ್ ನನ್ನದೇ ಕೈಬರಹ. ನನ್ನ ಮೇಜಿನ ಮುಂದೆ ನೂರು ಸಲ ಓಡಿಸಿದ್ದೆ, ನೂರು ಸಲವೂ ಸರಿ. ಆಮೇಲೆ ದಿನಾ ರಾತ್ರಿ ಎರಡು ಗಂಟೆಗೆ ತಾನೇ ಓಡಲಿ ಎಂದು ಸರ್ವರಿನ ಕ್ರಾನ್ ಪಟ್ಟಿಗೆ ಹಾಕಿ ಮಲಗಿದೆ. ಬೆಳಿಗ್ಗೆ ಕಡತ ಇದ್ದಲ್ಲೇ ಇತ್ತು. ಗಾತ್ರ 0 ಬೈಟು.

ಆದದ್ದು ಇಷ್ಟು. ನಾನು ಕೂತು ಓಡಿಸುವಾಗ ಪರಿಸರ ಯುಟಿಎಫ್-8 ಎನ್ನುತ್ತಿತ್ತು. ರಾತ್ರಿಯ ಕ್ರಾನ್‌ಗೆ ಆ ಪರಿಸರವಿಲ್ಲ, ಅದರ ಪಾಲಿಗೆ ಎಲ್ಲವೂ ಆಸ್ಕಿ. ಸ್ಕ್ರಿಪ್ಟ್ ‘ಡಬ್ಲ್ಯು’ ಎಂದು ಕಡತ ತೆರೆಯಿತು, ಒಳಗಿದ್ದದ್ದು ಆ ಕ್ಷಣವೇ ಸ್ವಾಹಾ. ಆಮೇಲೆ ಮೊದಲ ಸಾಲು ಬರೆಯಲು ಹೋಗಿ ಕನ್ನಡ ಕಂಡು ಎರರ್ ಹೇಳಿ ನಿಂತಿತು. ಎರರಿನ ಸಾಲು ಯಾರೂ ತೆರೆಯದ ಒಂದು ಅಂಚೆಪೆಟ್ಟಿಗೆಗೆ ಹೋಗಿ ಬಿದ್ದಿತ್ತು. 1971ರ ಬಾಣದ ಗುಣವೂ 2000ದ ಆಸ್ಕಿಯ ಹಟವೂ ಒಂದೇ ರಾತ್ರಿ ಸೇರಿಕೊಂಡು ಎರಡು ವರ್ಷದ ಕೆಲಸವನ್ನು ಒರೆಸಿದ್ದವು, ಕೈಗೆ ಮಸಿ ಹತ್ತದ ಹಾಗೆ. ಹದಿನೈದು ದಿನದ ಹಿಂದಿನ ಒಂದು ಪ್ರತಿ ಸಹೋದ್ಯೋಗಿಯೊಬ್ಬರ ಪೆನ್‌ಡ್ರೈವಿನಲ್ಲಿ ಸಿಕ್ಕಿತು, ಅದು ನನ್ನ ಪುಣ್ಯ.

ಅಂದಿನಿಂದ ನನ್ನ ಯಾವ ಸ್ಕ್ರಿಪ್ಟೂ ಇದ್ದ ಕಡತದ ಮೇಲೆ ನೇರವಾಗಿ ಬರೆಯುವುದಿಲ್ಲ. ಪಕ್ಕದಲ್ಲಿ ತಾತ್ಕಾಲಿಕ ಹೆಸರಿನ ಇನ್ನೊಂದು ಕಡತಕ್ಕೆ ಪೂರ್ತಿ ಬರೆದು, ಮುಚ್ಚಿ, ಆಮೇಲೆ ಹಳೆಯದರ ಜಾಗಕ್ಕೆ ಅದರ ಹೆಸರನ್ನು ಬದಲಾಯಿಸುವುದು. ‘ಓಎಸ್ ರಿಪ್ಲೇಸ್’ ಎಂಬ ಒಂದು ಸಾಲು ಸಾಕು. ನಡುವೆ ಎರರ್ ಬಂದರೂ ಕರೆಂಟ್ ಹೋದರೂ ಹಳೆಯ ಕಡತ ಹಾಗೇ ಇರುತ್ತದೆ. ಕರೆಂಟಿನ ಭಯ ಜಾಸ್ತಿ ಇರುವವರು ಹೆಸರು ಬದಲಿಸುವ ಮೊದಲು ‘ಎಫ್‌ಸಿಂಕ್’ ಕೂಡ ಹಾಕಬೇಕು. ‘ರೈಟ್’ ಅಂದ ಮಾತ್ರಕ್ಕೆ ಪಠ್ಯ ಡಿಸ್ಕ್ ಮುಟ್ಟಿರುವುದಿಲ್ಲ, ನೆನಪಿನ ಪಡಸಾಲೆಯಲ್ಲಿ ಕೂತು ಸರದಿ ಕಾಯುತ್ತಿರುತ್ತದೆ.

ಕ್ರಾನ್ ಸಂದನ್ನು ಪೈಥಾನಿನವರೇ 2018ರ 3.7ನೇ ಆವೃತ್ತಿಯಲ್ಲಿ ಮುಚ್ಚಿದರು. ವಿಂಡೋಸಿನ ಸಂದು ಇನ್ನೂ ಬಹುಕಾಲ ತೆರೆದಿತ್ತು. ಅಲ್ಲಿ ಭಾರತದ ಇಂಗ್ಲಿಷ್ ಆಯ್ದುಕೊಂಡ ಯಂತ್ರದ ಹಳೆಯ ಕೋಡ್‌ಪೇಜ್ 1252, ಅಂದರೆ ಪಶ್ಚಿಮ ಯುರೋಪಿನದು. ನಮ್ಮ ಲಿಪಿಗೆ ಹಾಗೆ ಯಂತ್ರದ ಡಿಫಾಲ್ಟ್ ಆಗಬಲ್ಲ ಕೋಡ್‌ಪೇಜನ್ನು ವಿಂಡೋಸಿನವರು ಕೊಡಲೇ ಇಲ್ಲ. ಎನ್‌ಕೋಡಿಂಗ್ ಹೇಳದೆ ಕನ್ನಡ ಬರೆದರೆ ಎರರ್ ಖಚಿತ. ವಿಬಿಸ್ಕ್ರಿಪ್ಟಿನಲ್ಲೂ ಹೀಗೇ ಆಗುತ್ತಿತ್ತು. ಪವರ್‌ಶೆಲ್ಲಿನ ಹಳೆಯ ಬಾಣ ಯುಟಿಎಫ್-16ರಲ್ಲಿ ಬರೆಯುತ್ತಿತ್ತು. ‘ಕನ್ನಡ’ಕ್ಕೆ 10 ಬೈಟು, ತಲೆಗೆ 2 ಬೈಟಿನ ಗುರುತು, ಲಿನಕ್ಸಿನಲ್ಲಿ ತೆರೆದರೆ ತಬ್ಬಿಬ್ಬು. 2018ರ ಹೊಸ ಪವರ್‌ಶೆಲ್ ಯುಟಿಎಫ್-8ಕ್ಕೆ ಬಂತು. ನೋಟ್‌ಪ್ಯಾಡ್ ಕೂಡ 2019ರಲ್ಲಿ ಅದನ್ನೇ ತನ್ನ ಡಿಫಾಲ್ಟ್ ಮಾಡಿಕೊಂಡಿತು. ಪೈಥಾನ್ 3.15ರಿಂದ ಎಲ್ಲ ಯಂತ್ರದಲ್ಲೂ ಯುಟಿಎಫ್-8 ತಾನಾಗಿ ಜಾರಿಯಾಗಬೇಕೆಂಬ ಪ್ರಸ್ತಾವಕ್ಕೆ ಒಪ್ಪಿಗೆ ಸಿಕ್ಕಿದೆ. ಬಾಣ ಕೊಟ್ಟವನೇ ಕೊಟ್ಟ ಸಂಕೇತ ಬಾಣದ ಬಾಯಿಗೆ ಬರಲು ಇಷ್ಟು ಸುತ್ತು.

ಈಗಲೂ ಉಳಿದ ಕೊಸರಿದೆ. ಪೈಥಾನಿನ ಜೇಸನ್ ಮಾಡ್ಯೂಲು ಇಂದಿಗೂ, ಹೇಳದಿದ್ದರೆ, ಕನ್ನಡವನ್ನು ಕನ್ನಡವಾಗಿ ಬರೆಯುವುದಿಲ್ಲ. ಪ್ರತಿ ಅಕ್ಷರಕ್ಕೂ ಹಿಂದಕ್ಕೆ ಬಾಗಿದ ಗೀಟು, ‘ಯು’, ನಾಲ್ಕು ಅಂಕೆ. ‘ಕನ್ನಡ’ 30 ಬೈಟಾಗುತ್ತದೆ. ಕಳೆದುಹೋಗುವುದಿಲ್ಲ ನಿಜ, ಆದರೆ ಕಡತ ತೆರೆದು ಓದಲಾಗುವುದಿಲ್ಲ. ‘ಎನ್‌ಶೂರ್ ಆಸ್ಕಿ’ಗೆ ‘ಫಾಲ್ಸ್’ ಎಂದು ಕೊಡುವುದು ನಮ್ಮ ಪಾಲಿನ ನಿತ್ಯಕರ್ಮ. ಸಿಎಸ್‌ವಿ ಬರೆದು ಎಕ್ಸೆಲ್‌ನಲ್ಲಿ ತೆರೆದಾಗ ಗೀಟಿನ ಸಣ್ಣ ‘ಎ’, ಅದರ ಪಕ್ಕ ಮೇಲಕ್ಕೇರಿದ ಪುಟ್ಟ 2 ಅಥವಾ 3 ಸಾಲಾಗಿ ಕಂಡರೆ ಗಾಬರಿ ಬೇಡ. ಅದು ಯುಟಿಎಫ್-8 ಕನ್ನಡವೇ, ಎಕ್ಸೆಲ್ ತಪ್ಪು ಕನ್ನಡಕ ಹಾಕಿಕೊಂಡಿದೆ. ‘ಯುಟಿಎಫ್-8-ಸಿಗ್’ ಎಂದು ಬರೆದರೆ ಕಡತದ ತಲೆಗೆ 3 ಬೈಟಿನ ತಿಲಕ ಬೀಳುತ್ತದೆ, ಎಕ್ಸೆಲ್ ಗುರುತು ಹಿಡಿಯುತ್ತದೆ. ನಮ್ಮ ಕಚೇರಿಯ ಗೋಡೆಯ ಮೇಲೆ ಒಂದು ಚೀಟಿ ಅಂಟಿಸಿದ್ದೇವೆ: ದೊಡ್ಡ ‘ಎ’ ಕಂಡರೆ ನುಡಿ, ಸಣ್ಣ ‘ಎ’ ಕಂಡರೆ ಯುಟಿಎಫ್, ಪ್ರಶ್ನೆ ಕಂಡರೆ ದೇವರೇ ಗತಿ.

ಇಷ್ಟು ವರ್ಷಗಳ ಲೆಕ್ಕ ತೆಗೆದು ನೋಡಿದಾಗ ನನ್ನ ತೀರ್ಪು ಹೀಗಿದೆ. ಎರರ್ ಹೇಳಿ ನಿಂತ ಭಾಷೆಗಳಿಂದ ನಮಗಾದದ್ದು ತೊಂದರೆ; ಏನೂ ಹೇಳದೆ ಬರೆದುಕೊಂಡು ಹೋದವುಗಳಿಂದ ಆದದ್ದು ನಷ್ಟ. ತೊಂದರೆ ಕೊಟ್ಟ ಪೈಥಾನನ್ನು ಬೈದಷ್ಟು, ‘ಇಗ್ನೋರ್’ ಹಾಕಿದ ನಮ್ಮ ಕೈಯನ್ನು ನಾವು ಬೈದುಕೊಳ್ಳಲಿಲ್ಲ.

ನಮ್ಮ ಬೀರುವಿನ ಸಿಡಿಗಳಲ್ಲಿ ಫಾಂಟಿನ ಕಾಲದ ನಾಲ್ಕು ಸಂಪುಟಗಳು ಇನ್ನೂ ಯೂನಿಕೋಡಿಗೆ ಬಾರದೆ ಕೂತಿವೆ. ಮುಂದಿನ ದೀಪಾವಳಿಯೊಳಗೆ ಅವನ್ನು ಮುಗಿಸಬೇಕು. ಪರಿವರ್ತಿಸಿದ ಪಠ್ಯದಲ್ಲಿ ಅರ್ಕಾವತ್ತೂ ಒತ್ತಕ್ಷರವೂ ಎಲ್ಲೆಲ್ಲಿ ಜಾರಿವೆ ಎಂದು ಮೂಲದೊಡನೆ ಹೋಲಿಸಿ ಕರಡು ತಿದ್ದಲು ಕಣ್ಣು ಬೇಕು. ಬಿಡುವಿರುವ ಓದುಗರು ಬರೆಯಿರಿ. ನಿಮ್ಮ ಮನೆಯಲ್ಲೂ ಇಂಥ ಹಳೆಯ ಕಡತಗಳಿದ್ದರೆ ಪರಿವರ್ತಿಸಿದ್ದನ್ನು ಬೇರೆ ಹೆಸರಿನಲ್ಲಿ ಉಳಿಸಿ, ಮೂಲವನ್ನು ಅಳಿಸಬೇಡಿ. ಮುಂದಿನ ಸಂಚಿಕೆಗೆ ಲೇಖನ ಕಳಿಸುವವರು ಯೂನಿಕೋಡಿನಲ್ಲೇ ಕಳಿಸಿ. ನುಡಿಯಲ್ಲಿ ಬರೆದಿದ್ದರೆ ಹಾಗೆಂದು ಮೇಲೆ ಒಂದು ಸಾಲು ಸೇರಿಸಿ.